ಪ್ರಶ್ನಾರ್ಥಕ ಚಿಹ್ನೆಯ ಆಚೆ: ಇ&ಸಿ ಗೆಳೆಯರು ಪಟ್ಟಿಯಿಂದ ಕಾಣೆಯಾದದ್ದು ಹೇಗೆ?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ರಸಪ್ರಶ್ನೆ ಸ್ಪರ್ಧೆ ಇಟ್ಟುಕೊಂಡಿದ್ದೆವು. ಪ್ರತಿ ವರ್ಷ ಗೂಗಲ್ ಫಾರ್ಮ್‌ನಲ್ಲಿ ಹೆಸರು ಬರೆಸಿಕೊಳ್ಳೋದು ರೂಢಿ. ಈ ಸಲ ಮಾತ್ರ "ಎಂಜಿನಿಯರಿಂಗ್ ಓದ್ತಾ ಇದ್ದೀವಿ, ಒಂದು ನೋಂದಣಿ ಪುಟ ಮಾಡೋಕೆ ಆಗಲ್ವಾ?" ಅನ್ನೋ ಹುಮ್ಮಸ್ಸು ಬಂತು. ಎರಡು ರಾತ್ರಿ ಕೂತು ಪುಟ ಮಾಡಿ, ಲಿಂಕನ್ನು ಎಲ್ಲ ಕ್ಲಾಸ್ ಗ್ರೂಪುಗಳಿಗೂ ಕಳಿಸಿ, ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಸ್ಪರ್ಧೆಯ ಹಿಂದಿನ ಸಂಜೆ ವಿಭಾಗವಾರು ಪಟ್ಟಿ ಪ್ರಿಂಟ್ ತೆಗೆದಾಗ ಇ&ಸಿ ವಿಭಾಗದ ಹಾಳೆಯೇ ಇರಲಿಲ್ಲ. ಇ&ಇ ಹಾಳೆಯೂ ಇಲ್ಲ. ಅದರ ಬದಲು 'ಇ' ಅನ್ನೋ ಹೆಸರಿನ, ನಮ್ಮ ಕಾಲೇಜಿನಲ್ಲಿ ಇಲ್ಲವೇ ಇಲ್ಲದ ವಿಭಾಗವೊಂದು ಹುಟ್ಟಿಕೊಂಡಿತ್ತು. ಎರಡೂ ವಿಭಾಗದವರು ಅದರೊಳಗೆ ಕಲಸಿಹೋಗಿದ್ದರು. ತಂಡದ ಇಬ್ಬರೂ ಒಂದೇ ವಿಭಾಗದವರಾಗಿರಬೇಕು ಅನ್ನೋ ನಿಯಮ ಇತ್ತು. ಹಾಗಾಗಿ ನಮ್ಮ ಪ್ರೋಗ್ರಾಂ ಒಬ್ಬರು ಇ&ಸಿ, ಒಬ್ಬರು ಇ&ಇ, ಹೀಗೆ ಮುಖಪರಿಚಯವೇ ಇಲ್ಲದವರನ್ನು ಜೋಡಿ ಮಾಡಿ ಕೂರಿಸಿತ್ತು. ಎಐ&ಎಂಎಲ್‌ನವರು ಬರೀ 'ಎಐ' ಆಗಿದ್ದರು. ಸಿಎಸ್&ಇ ಮಾತ್ರ 'ಸಿಎಸ್' ಅಂತ ಬಂದಿತ್ತು. ನೋಡೋಕೆ ಅದು ಸರಿಯಾಗೇ ಇತ್ತಲ್ಲ! ಪುಟ ಮಾಡಿದ ನಾವು ಮೂವರೂ ಸಿಎಸ್‌ನವರು, ಟೆಸ್ಟ್ ಮಾಡುವಾಗ ನಮ್ಮ ಹೆಸರುಗಳನ್ನೇ ಹಾಕಿ ನೋಡಿದ್ದೆವು. ಹೀಗಾಗಿ ತಪ್ಪು ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ಪುಣ್ಯಕ್ಕೆ ಯುಎಸ್‌ಎನ್‌ನಲ್ಲೇ ವಿಭಾಗದ ಎರಡಕ್ಷರ ಇರುತ್ತೆ. ರಾತ್ರಿಯೆಲ್ಲ ಕೂತು ಅದನ್ನು ನೋಡಿ ನೋಡಿ ಹೆಸರುಗಳನ್ನು ಬೇರ್ಪಡಿಸಿದೆವು. ಸ್ಪರ್ಧೆ ನಡೀತು. ಆದರೆ ಮಾರನೇ ವಾರ ಆ ಕೋಡನ್ನು ಬಿಚ್ಚಿ ನೋಡಿದಾಗ ಇದೊಂದೇ ಅಲ್ಲ, ಇನ್ನೂ ಐದಾರು ತಪ್ಪು ಸಿಕ್ಕಿದವು. ಎಲ್ಲವೂ ಒಂದೇ ಜಾಗದವು: ಯುಆರ್‌ಎಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಆಚೆ ಬರುವ ಭಾಗ. ಕ್ವೆರಿ ಪ್ಯಾರಾಮೀಟರ್ ಅಂತಾರಲ್ಲ, ಅದೇ. ಮಿನಿ ಪ್ರಾಜೆಕ್ಟ್ ಅಂತ ನೀವೂ ಇಂಥದ್ದೇ ಪುಟ ಮಾಡ್ತಾ ಇರ್ತೀರಿ, ಅದಕ್ಕೇ ಬರೀತಾ ಇದ್ದೀವಿ. ಓದೋಕೆ ಸುಲಭ ಆಗಲಿ ಅಂತ ಇಲ್ಲಿ ವಿಳಾಸಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ, ನಿಮ್ಮ ಕೋಡ್‌ನಲ್ಲಿ ಅವು ಇಂಗ್ಲಿಷ್‌ನಲ್ಲಿರುತ್ತವೆ.

ಕ್ಯಾಂಟೀನ್ ಕ್ಯೂಆರ್ ಕೋಡ್‌ನೊಳಗೆ ಏನಿದೆ?

ಕ್ವೆರಿ ಪ್ಯಾರಾಮೀಟರ್ ಅಂದರೆ ದೂರದ ವಿಷಯ ಏನಲ್ಲ. ಕ್ಯಾಂಟೀನ್‌ನಲ್ಲಿ ಟೀ ಕುಡಿದು ಸ್ಕ್ಯಾನ್ ಮಾಡ್ತೀರಲ್ಲ, ಆ ಯುಪಿಐ ಕ್ಯೂಆರ್ ಕೋಡ್‌ನೊಳಗೆ ಇರೋದು ಒಂದು ಯುಆರ್‌ಎಲ್. 'ಯುಪಿಐ://ಪೇ' ಅಂತ ಶುರುವಾಗಿ, ಒಂದು ಪ್ರಶ್ನಾರ್ಥಕ ಚಿಹ್ನೆ ಬಂದು, ಆಮೇಲೆ 'ಪಿಎ' ಅಂದರೆ ಹಣ ಪಡೆಯುವವರ ವಿಳಾಸ, 'ಪಿಎನ್' ಅಂದರೆ ಅವರ ಹೆಸರು, 'ಎಎಂ' ಅಂದರೆ ಮೊತ್ತ, ಹೀಗೆ ಜೋಡಿಗಳು ಬರುತ್ತವೆ. ಅಂಗಡಿ ಹೆಸರು 'ಅಣ್ಣ & ತಮ್ಮ ಸ್ಟೋರ್ಸ್' ಅಂತಿದ್ದು, ಕ್ಯೂಆರ್ ತಯಾರಿಸಿದವರು ಎಚ್ಚರ ತಪ್ಪಿದ್ದರೆ ತಮ್ಮ ಅಲ್ಲೇ ಕಳೆದುಹೋಗ್ತಾನೆ. ನಮ್ಮ ಇ&ಸಿ ಗೆಳೆಯರಿಗೆ ಆಗಿದ್ದೂ ಇದೇ.

ನಮ್ಮ ನೋಂದಣಿ ಪುಟ ಸರ್ವರ್‌ಗೆ ಕಳಿಸಬೇಕಿದ್ದ ವಿಳಾಸ ಹೀಗಿರುತ್ತಿತ್ತು:

/ನೋಂದಣಿ?ವಿಭಾಗ=ಸಿವಿಲ್&ಸ್ಪರ್ಧೆ=ರಸಪ್ರಶ್ನೆ

ಪ್ರಶ್ನಾರ್ಥಕ ಚಿಹ್ನೆ ಅಂದರೆ 'ದಾರಿ ಮುಗೀತು, ಇನ್ನು ವಿವರ ಶುರು' ಅಂತ. & ಅಂದರೆ 'ಒಂದು ವಿವರ ಮುಗೀತು, ಮುಂದಿನದು'. = ಅಂದರೆ ಎಡಕ್ಕೆ ಹೆಸರು, ಬಲಕ್ಕೆ ಬೆಲೆ. # ಬಂತು ಅಂದರೆ ಅದರಾಚೆಯದು ಬ್ರೌಸರ್ ತನಗಾಗಿ ಇಟ್ಟುಕೊಳ್ಳುವ ಭಾಗ, ಸರ್ವರ್‌ಗೆ ಅದು ಹೋಗುವುದೇ ಇಲ್ಲ. ಇವು ವ್ಯಾಕರಣದ ಚಿಹ್ನೆಗಳು. ತೊಂದರೆ ಏನಂದ್ರೆ, ಜನ ತುಂಬುವ ಮಾಹಿತಿಯಲ್ಲೂ ಇದೇ ಚಿಹ್ನೆಗಳು ಬರುತ್ತವೆ. ನಾವು ಜಾವಾಸ್ಕ್ರಿಪ್ಟ್‌ನಲ್ಲಿ 'ವಿಭಾಗ=' ಅನ್ನೋ ತುಂಡಿಗೆ ಡ್ರಾಪ್‌ಡೌನ್‌ನಲ್ಲಿ ಆರಿಸಿದ್ದನ್ನು ಪ್ಲಸ್ ಹಾಕಿ ಅಂಟಿಸಿದ್ದೆವು. ಹೋದದ್ದು ಇದು:

/ನೋಂದಣಿ?ವಿಭಾಗ=ಇ&ಸಿ&ಸ್ಪರ್ಧೆ=ರಸಪ್ರಶ್ನೆ

ಸರ್ವರ್ ಇದನ್ನು ಮೂರು ವಿವರವಾಗಿ ಓದಿತು. ವಿಭಾಗ ಅಂದರೆ 'ಇ'. ಆಮೇಲೆ 'ಸಿ' ಅನ್ನೋ ಹೆಸರಿನ, ಬೆಲೆಯೇ ಇಲ್ಲದ ಇನ್ನೊಂದು ವಿವರ. ಮೂರನೆಯದು ಸ್ಪರ್ಧೆ. ಸರ್ವರ್‌ದು ಒಂದಿಷ್ಟೂ ತಪ್ಪಿಲ್ಲ. ನಾವು ಬರೆದ ವಾಕ್ಯವನ್ನು ಅದು ನಾವು ಬರೆದ ಹಾಗೇ ಓದಿದೆ. 'ಸಿ' ಅನ್ನೋ ವಿವರವನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಅದನ್ನು ಸುಮ್ಮನೆ ಬದಿಗಿಟ್ಟಿತು, ಎರರ್ ಕೂಡ ಕೊಡಲಿಲ್ಲ. ಇಂಥ ತಪ್ಪುಗಳ ದೊಡ್ಡ ಕಷ್ಟವೇ ಇದು, ಕೂಗಿ ಹೇಳೋದೇ ಇಲ್ಲ.

ಇದರಲ್ಲೊಂದು ತಮಾಷೆ ಇದೆ. ನಾವು ಜಾವಾಸ್ಕ್ರಿಪ್ಟ್ ಮುಟ್ಟದೆ ಸಾದಾ ಎಚ್‌ಟಿಎಂಎಲ್ ಫಾರ್ಮ್ ಇಟ್ಟು ಸಬ್‌ಮಿಟ್ ಬಟನ್ ಕೊಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ. ಬ್ರೌಸರ್ ತಾನೇ ಎಲ್ಲವನ್ನೂ ಎನ್‌ಕೋಡ್ ಮಾಡಿ ಕಳಿಸುತ್ತೆ. ಪುಟ ರೀಲೋಡ್ ಆಗದೆ ಚೆಂದ ಕಾಣಲಿ ಅಂತ ಬ್ರೌಸರ್ ಕೈಯಿಂದ ಆ ಕೆಲಸ ಕಿತ್ತುಕೊಂಡೆವು, ಆದರೆ ಕೆಲಸ ಕಲಿತಿರಲಿಲ್ಲ.

ಶೇಕಡಾ ಚಿಹ್ನೆಯ ಭಾಷೆ

ಹಾಗಾದರೆ & ಅನ್ನೋದನ್ನು ಮಾಹಿತಿಯಾಗಿ ಕಳಿಸೋದು ಹೇಗೆ? ಆ ಅಕ್ಷರದ ಬೈಟ್ ಬೆಲೆಯನ್ನು ಹೆಕ್ಸಾಡೆಸಿಮಲ್‌ನಲ್ಲಿ ಬರೆದು ಮುಂದೆ ಒಂದು ಶೇಕಡಾ ಚಿಹ್ನೆ ಹಾಕಬೇಕು. ಆಸ್ಕಿಯಲ್ಲಿ & ಬೆಲೆ ಹೆಕ್ಸ್ 26, ಆದ್ದರಿಂದ %26. ಖಾಲಿ ಜಾಗ %20, # ಗೆ %23, + ಗೆ %2ಬಿ. ಶೇಕಡಾ ಚಿಹ್ನೆಗೇ ಈಗ ವಿಶೇಷ ಅರ್ಥ ಬಂದಿರೋದ್ರಿಂದ ಅದನ್ನೂ ಬಿಡುವಂತಿಲ್ಲ, ಅದು %25. ಇವತ್ತು ಇದಕ್ಕೆ ಆಧಾರವಾಗಿರುವ ದಾಖಲೆ ಆರ್‌ಎಫ್‌ಸಿ 3986. 2005ರ ಜನವರಿಯಲ್ಲಿ ಬಂದದ್ದು, ಬರೆದವರಲ್ಲಿ ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ ಕೂಡ ಒಬ್ಬರು. ಇಂಗ್ಲಿಷ್ ಅಕ್ಷರ, ಅಂಕಿ, ಜೊತೆಗೆ ಅಡ್ಡಗೆರೆ, ಅಡಿಗೆರೆ, ಚುಕ್ಕಿ, ಅಲೆಗೆರೆ, ಇಷ್ಟು ಮಾತ್ರ ಯಾವ ಜಾಗದಲ್ಲೂ ನಿರ್ಭಯವಾಗಿ ಓಡಾಡಬಹುದು ಅಂತ ಅದು ಹೇಳುತ್ತೆ.

+ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಇಲ್ಲಿ ಎರಡು ಸಂಪ್ರದಾಯ ಒಟ್ಟಿಗೆ ಬದುಕ್ತಾ ಇವೆ. ಸಾಮಾನ್ಯ ಯುಆರ್‌ಎಲ್ ನಿಯಮದಲ್ಲಿ ಖಾಲಿ ಜಾಗ ಅಂದರೆ %20. ಆದರೆ ಎಚ್‌ಟಿಎಂಎಲ್ ಫಾರ್ಮ್‌ಗಳು ಮೊದಲಿನಿಂದಲೂ ಖಾಲಿ ಜಾಗವನ್ನು + ಮಾಡಿ ಕಳಿಸುತ್ತವೆ. ಹಾಗಾಗಿ ಸರ್ವರ್ ಕ್ವೆರಿಯಲ್ಲಿ + ಕಂಡರೆ ಅದನ್ನು ಖಾಲಿ ಜಾಗ ಅಂತಲೇ ತಿಳಿಯುತ್ತೆ. 'ಸಿ++' ಕಾರ್ಯಾಗಾರಕ್ಕೆ ಹೆಸರು ಕೊಟ್ಟವರು 'ಸಿ' ಕಾರ್ಯಾಗಾರದಲ್ಲಿ ಕೂತಿರ್ತಾರೆ, ಹಿಂದೆ ಎರಡು ಖಾಲಿ ಜಾಗ ಬಾಲದ ಹಾಗೆ. +91 ಅಂತ ಶುರುವಾಗುವ ಫೋನ್ ನಂಬರ್ ಖಾಲಿ ಜಾಗ, 91 ಅಂತ ಬರುತ್ತೆ. ಇದರ ತದ್ವಿರುದ್ಧ ತಪ್ಪೂ ಇದೆ. ಬ್ರೌಸರ್‌ನಲ್ಲಿ 'ಡಿಕೋಡ್‌ಯುಆರ್‌ಐಕಾಂಪೊನೆಂಟ್' ಬಳಸಿ ಕ್ವೆರಿಯನ್ನು ನೀವೇ ಬಿಡಿಸಿದರೆ ಅದು + ಅನ್ನು ಮುಟ್ಟೋದೇ ಇಲ್ಲ. ಹೆಸರಿನ ಪೆಟ್ಟಿಗೆಯಲ್ಲಿ 'ಹೆಸರು+ಇನಿಶಿಯಲ್' ಅಂತ ಅಂಟಿಕೊಂಡೇ ಕಾಣುತ್ತೆ.

ಜಾವಾಸ್ಕ್ರಿಪ್ಟ್‌ನಲ್ಲಿ ಎನ್‌ಕೋಡ್ ಮಾಡೋಕೆ ಎರಡು ಫಂಕ್ಷನ್ ಇವೆ, ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ. 'ಎನ್‌ಕೋಡ್‌ಯುಆರ್‌ಐ' ಅನ್ನೋದು ಇಡೀ ವಿಳಾಸಕ್ಕೆ. ಅದು &, =, +, ?, # ಯಾವುದನ್ನೂ ಬದಲಿಸುವುದಿಲ್ಲ, ಬದಲಿಸಿದರೆ ವಿಳಾಸದ ವ್ಯಾಕರಣವೇ ಹಾಳಾಗುತ್ತಲ್ಲ. 'ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್' ಅನ್ನೋದು ಒಳಗಿನ ಒಂದೊಂದು ಬೆಲೆಗೆ. ಮೊದಲ ಸಲ ದೋಷ ಸಿಕ್ಕಾಗ ನಾವು ಇಡೀ ವಿಳಾಸ ಅಂಟಿಸಿ ಮುಗಿಸಿ, ಅದಕ್ಕೆ ಮೊದಲನೇ ಫಂಕ್ಷನ್ ಹಾಕಿ, "ಸರಿ ಹೋಯ್ತು" ಅಂದುಕೊಂಡೆವು. ಏನೂ ಸರಿ ಹೋಗಿರಲಿಲ್ಲ. ಹಿಟ್ಟು ಕಲಸಿದ ಮೇಲೆ ರಾಗಿ, ಅಕ್ಕಿ ಬೇರೆ ಮಾಡೋಕಾಗುತ್ತಾ? ಅಂಟಿಸಿದ ಮೇಲೆ ಯಾವ & ವ್ಯಾಕರಣದ್ದು, ಯಾವ & ಹೆಸರಿನದ್ದು ಅಂತ ಯಾವ ಫಂಕ್ಷನ್‌ಗೂ ಗೊತ್ತಾಗಲ್ಲ. ಒಂದೊಂದು ಬೆಲೆಯನ್ನೂ ಅಂಟಿಸುವ ಮೊದಲೇ ಎನ್‌ಕೋಡ್ ಮಾಡಬೇಕು.

ಅದಕ್ಕಿಂತ ಒಳ್ಳೇದು, ಅಂಟಿಸೋ ಕೆಲಸವನ್ನೇ ಬಿಡೋದು. ಬ್ರೌಸರ್‌ನಲ್ಲಿ 'ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್', ಪೈಥಾನ್‌ನಲ್ಲಿ 'ಯುಆರ್‌ಎಲ್‌ಎನ್‌ಕೋಡ್', ಪಿಎಚ್‌ಪಿಯಲ್ಲಿ 'ಎಚ್‌ಟಿಟಿಪಿ_ಬಿಲ್ಡ್_ಕ್ವೆರಿ', ಇವಕ್ಕೆ ಹೆಸರು-ಬೆಲೆಗಳ ಜೋಡಿ ಕೊಟ್ಟರೆ ಸರಿಯಾದ ಕ್ವೆರಿ ಕಟ್ಟಿಕೊಡುತ್ತವೆ. ಇರುವ ವಿಳಾಸಕ್ಕೆ ಒಂದು ವಿವರ ಸೇರಿಸುವಾಗ '? ಹಾಕಬೇಕಾ, & ಹಾಕಬೇಕಾ' ಅನ್ನೋ ಗೊಂದಲವೂ ಇರಲ್ಲ. ಒಂದು ಎಚ್ಚರ: 'ಸೆಟ್' ಅಂದರೆ ಹಳೆಯದನ್ನು ತೆಗೆದು ಹೊಸದು ಇಡುತ್ತೆ, 'ಅಪೆಂಡ್' ಅಂದರೆ ಹಳೆಯದರ ಪಕ್ಕದಲ್ಲಿ ಇನ್ನೊಂದು ಇಡುತ್ತೆ. ಪುಟಸಂಖ್ಯೆಗೆ ಅಪೆಂಡ್ ಬಳಸಿ 'ಪುಟ=1&ಪುಟ=2&ಪುಟ=3' ಅಂತ ಬಾಲ ಬೆಳೆಸಿದವರು ನಮ್ಮಲ್ಲೇ ಇದ್ದಾರೆ.

ಇದರ ಇನ್ನೊಂದು ಮುಖ, ಎರಡು ಸಲ ಮಾಡೋದು. ಲೈಬ್ರರಿ ಎನ್‌ಕೋಡ್ ಮಾಡುತ್ತೆ ಅಂತ ಗೊತ್ತಿಲ್ಲದೆ ನಾವೂ ಒಂದು ಸಲ ಮಾಡಿ ಕೊಟ್ಟರೆ %26 ಅನ್ನೋದು %2526 ಆಗಿ, ಆ ಕಡೆ ಪರದೆ ಮೇಲೆ 'ಇ%26ಸಿ' ಅಂತ ಕಾಣುತ್ತೆ. ಡಿಕೋಡ್ ಎರಡು ಸಲ ಆದರೆ ಇನ್ನೂ ಕೆಟ್ಟದ್ದು. ಪಿಎಚ್‌ಪಿ, ಫ್ಲಾಸ್ಕ್, ಜಾಂಗೋ ಎಲ್ಲವೂ ಬೆಲೆಗಳನ್ನು ಡಿಕೋಡ್ ಮಾಡಿಯೇ ನಮ್ಮ ಕೈಗೆ ಕೊಡುತ್ತವೆ. ಬ್ರೌಸರ್‌ನಲ್ಲಿ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಕೂಡ ಹಾಗೇ. ಅದರ ಮೇಲೆ ನಾವು ಮತ್ತೊಮ್ಮೆ ಡಿಕೋಡ್ ಮಾಡಿದರೆ, ಯಾರಾದರೂ 'ಹಾಜರಾತಿ 100%' ಅಂತ ಬರೆದ ದಿನ ಜಾವಾಸ್ಕ್ರಿಪ್ಟ್ ಎರರ್ ಎಸೆದು ಪುಟವೇ ನಿಂತುಹೋಗುತ್ತೆ. ಶೇಕಡಾ ಚಿಹ್ನೆಯ ಮುಂದೆ ಎರಡು ಹೆಕ್ಸ್ ಅಂಕಿ ಇರಲೇಬೇಕು ಅಂತ ಅದು ಹುಡುಕುತ್ತಲ್ಲ, ಅದಕ್ಕೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಅಷ್ಟೇ.

ಕನ್ನಡ ಕಳಿಸಿದಾಗ

ಕನ್ನಡ ಸಂಘದ ಪುಟ ಅಂದಮೇಲೆ ಹುಡುಕಾಟದ ಪೆಟ್ಟಿಗೆಯಲ್ಲಿ ಕನ್ನಡ ಟೈಪ್ ಮಾಡ್ತಾರೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ನಲ್ಲಿ ಮೂರು ಬೈಟ್ ಬೇಕು. ಪ್ರತಿ ಬೈಟ್ %ನೊಂದಿಗೆ ಮೂರು ಅಕ್ಷರ ಆಗುತ್ತೆ. ಅಂದರೆ ಒಂದು 'ಕ' ಅಂದರೆ %ಇ0%ಬಿ2%95, ಒಂಬತ್ತು ಅಕ್ಷರ. 'ಕನ್ನಡ' ಪದದಲ್ಲಿ ಒತ್ತಕ್ಷರದ ವಿರಾಮ ಚಿಹ್ನೆಯೂ ಸೇರಿ ಐದು ಸಂಕೇತ, ಯುಆರ್‌ಎಲ್‌ನಲ್ಲಿ 45 ಅಕ್ಷರ. ಬ್ರೌಸರ್ ವಿಳಾಸಪಟ್ಟಿಯಲ್ಲಿ ಚೆಂದವಾಗಿ ಕನ್ನಡ ತೋರಿಸಿ, ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಮೆರವಣಿಗೆ ಬರೋದು ಇದಕ್ಕೇ. ಅದು ವೈರಸ್ ಅಲ್ಲ. ದಯವಿಟ್ಟು ಗಾಬರಿಯಾಗಿ ಗ್ರೂಪ್ ಬಿಡಬೇಡಿ.

ಉದ್ದಕ್ಕೂ ಮಿತಿ ಇದೆ. ಯುಆರ್‌ಎಲ್ ಕನಿಷ್ಠ 8000 ಬೈಟ್ ಉದ್ದ ಇದ್ದರೂ ಎಲ್ಲರೂ ನಿಭಾಯಿಸುವಂತಿರಲಿ ಅಂತ ಎಚ್‌ಟಿಟಿಪಿ ಮಾನದಂಡ ಶಿಫಾರಸು ಮಾಡುತ್ತೆ. ಅದರಾಚೆ ಖಾತ್ರಿ ಇಲ್ಲ. ಇಂಗ್ಲಿಷ್‌ನಲ್ಲಿ ಅದು ಎರಡು ಮೂರು ಪುಟದ ಬರಹ, ಕನ್ನಡದಲ್ಲಿ 900ಕ್ಕಿಂತ ಕಡಿಮೆ ಸಂಕೇತ. 'ನಿಮ್ಮ ಅನಿಸಿಕೆ ಬರೆಯಿರಿ' ಅನ್ನೋ ಪೆಟ್ಟಿಗೆಯನ್ನು ಗೆಟ್ ವಿಧಾನದಲ್ಲಿ ಕಳಿಸುವ ಫಾರ್ಮ್‌ಗೆ ಹಾಕಿದರೆ, ಇಂಗ್ಲಿಷ್‌ನಲ್ಲಿ ಬರೆದವರ ಅನಿಸಿಕೆ ಬರುತ್ತೆ, ಕನ್ನಡದಲ್ಲಿ ಮನಸ್ಸು ಬಿಚ್ಚಿ ಬರೆದವರಿಗೆ 414 ಎರರ್ ಸಿಗಬಹುದು. ಕನ್ನಡ ಸಂಘಕ್ಕೆ ಇದಕ್ಕಿಂತ ಅವಮಾನ ಬೇಕಾ?

ಇನ್ನೆರಡು ಸೂಕ್ಷ್ಮ. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತೆ, ಒತ್ತಾಗದಂತೆ ತಡೆಯೋಕೆ. ಒಬ್ಬರ ಕೀಲಿಮಣೆ ಅದನ್ನು ಹಾಕುತ್ತೆ, ಇನ್ನೊಬ್ಬರದು ಹಾಕಲ್ಲ. ಎನ್‌ಕೋಡ್ ಆದಮೇಲೆ ಎರಡೂ ಬೇರೆ ಬೇರೆ ಪದ, ಹುಡುಕಿದರೆ ಸಿಗಲ್ಲ. ಹಾಗೇ 'ಕೊ' ಅನ್ನೋದರ ಕೊಂಬನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸೇರಿಸಿಯೂ ಬರೆಯಬಹುದು. ಸರ್ವರ್‌ನಲ್ಲಿ ಡಿಕೋಡ್ ಆದ ಮೇಲೆ ಯುನಿಕೋಡ್ ನಾರ್ಮಲೈಸೇಶನ್ ಮಾಡಿ, ಹೋಲಿಸುವಾಗ ಮಾತ್ರ ಆ ಕಾಣದ ಸಂಕೇತವನ್ನು ಎರಡೂ ಕಡೆ ತೆಗೆದರೆ ಸರಿಹೋಗುತ್ತೆ. ಇನ್ನು ಕನ್ನಡ ಅಂಕಿ: ಪುಟಸಂಖ್ಯೆ ಜಾಗದಲ್ಲಿ '೨' ಬಂದರೆ ಪೈಥಾನ್‌ನ 'ಇಂಟ್' ಅದನ್ನು 2 ಅಂತಲೇ ಓದುತ್ತೆ. ಜಾವಾಸ್ಕ್ರಿಪ್ಟ್‌ನ 'ನಂಬರ್' ಮಾತ್ರ ಇದು ಸಂಖ್ಯೆಯೇ ಅಲ್ಲ ಅನ್ನುತ್ತೆ. ಪೈಥಾನ್ ಮೇಲೆ ನಮ್ಮ ಗೌರವ ಸ್ವಲ್ಪ ಜಾಸ್ತಿಯಾಯ್ತು.

ಫಾರ್ಮ್ ನುಂಗಿದ್ದು, ಫಾರ್ಮ್ ಕಳಿಸದ್ದು

ನಮ್ಮ ಪುಟಕ್ಕೆ ಎರಡು ಭಾಷೆ ಇತ್ತು. ಹುಡುಕುವ ಫಾರ್ಮ್‌ನ ಆ್ಯಕ್ಷನ್ ವಿಳಾಸದಲ್ಲಿ '/ಹುಡುಕು?ಭಾಷೆ=ಕನ್ನಡ' ಅಂತ ಬರೆದು, ವಿಧಾನ ಗೆಟ್ ಅಂತ ಕೊಟ್ಟಿದ್ದೆವು. ಹುಡುಕು ಒತ್ತಿದ ಕೂಡಲೇ ಪುಟ ಇಂಗ್ಲಿಷ್‌ಗೆ ಹೋಗ್ತಿತ್ತು. ಒಂದು ಸಂಜೆ ಪೂರ್ತಿ ಸರ್ವರ್ ಕಡೆ ಹುಡುಕಿದೆವು. ದೋಷ ಅಲ್ಲಿರಲಿಲ್ಲ. ಗೆಟ್ ಫಾರ್ಮ್ ಸಬ್‌ಮಿಟ್ ಆದಾಗ ಆ್ಯಕ್ಷನ್ ವಿಳಾಸದಲ್ಲಿ ಮೊದಲೇ ಇದ್ದ ಕ್ವೆರಿಯನ್ನು ಬ್ರೌಸರ್ ಪೂರ್ತಿ ತೆಗೆದು, ಫಾರ್ಮ್‌ನ ವಿವರಗಳನ್ನು ಆ ಜಾಗದಲ್ಲಿ ಇಡುತ್ತೆ. ನಿಯಮವೇ ಹಾಗಿದೆ. ಪೋಸ್ಟ್ ಫಾರ್ಮ್ ಆದರೆ ಹಳೆಯ ಕ್ವೆರಿ ಉಳಿಯುತ್ತೆ. ಉಪಾಯ ಸುಲಭ: ಉಳಿಯಬೇಕಾದ ವಿವರಗಳನ್ನು ಫಾರ್ಮ್‌ನೊಳಗೆ ಕಾಣದ ಇನ್‌ಪುಟ್ ಆಗಿ ಇಡಿ. ಆದರೆ ಎಲ್ಲವನ್ನೂ ಉಳಿಸಬೇಡಿ. ಏಳನೇ ಪುಟದಲ್ಲಿದ್ದವರು ವಿಭಾಗ ಬದಲಿಸಿ ಹುಡುಕಿದಾಗ 'ಪುಟ=7' ಉಳಿದರೆ, ಇಪ್ಪತ್ತೇ ಹೆಸರಿರುವ ವಿಭಾಗದಲ್ಲಿ ಅವರಿಗೆ ಖಾಲಿ ಪರದೆ ಕಾಣುತ್ತೆ.

ಫಾರ್ಮ್ ಏನನ್ನು ಕಳಿಸೋದೇ ಇಲ್ಲ ಅನ್ನೋದೂ ತಿಳಿದಿರಬೇಕು. ನೇಮ್ ಕೊಡದ ಇನ್‌ಪುಟ್ ಹೋಗಲ್ಲ. ಡಿಸೇಬಲ್ ಮಾಡಿದ್ದು ಹೋಗಲ್ಲ, ರೀಡ್‌ಓನ್ಲಿ ಮಾಡಿದ್ದು ಹೋಗುತ್ತೆ. ಟಿಕ್ ಹಾಕದ ಚೆಕ್‌ಬಾಕ್ಸ್ 'ಇಲ್ಲ' ಅಂತ ಹೋಗಲ್ಲ, ಅದು ಹೋಗೋದೇ ಇಲ್ಲ. ಖಾಲಿ ಬಿಟ್ಟ ಪಠ್ಯ ಪೆಟ್ಟಿಗೆ ಮಾತ್ರ ಹೆಸರಿನ ಮುಂದೆ = ಹಾಕಿಕೊಂಡು ಬರಿಗೈಲಿ ಹೋಗುತ್ತೆ. ನಮ್ಮ ಫಾರ್ಮ್‌ನಲ್ಲಿ 'ಹಾಸ್ಟೆಲ್‌ನವರಾ?' ಅನ್ನೋ ಚೆಕ್‌ಬಾಕ್ಸ್ ಇತ್ತು. ಅದು ಬರದಿದ್ದರೆ 'ಗೊತ್ತಿಲ್ಲ, ಹಳೆಯದನ್ನೇ ಇಟ್ಟುಕೋ' ಅಂತ ಬರೆದಿದ್ದೆವು. ಹಾಸ್ಟೆಲ್ ಬಿಟ್ಟು ಪಿಜಿಗೆ ಹೋದವರು ಟಿಕ್ ತೆಗೆದು ಎಷ್ಟು ಸಲ ಸೇವ್ ಮಾಡಿದರೂ ಅವರು ಹಾಸ್ಟೆಲ್‌ನವರೇ.

ಬಂದದ್ದೆಲ್ಲವೂ ಪಠ್ಯ ಅನ್ನೋದು ಮೂರನೆಯದು. ಪುಟ '2' ಅನ್ನೋದು ಪಠ್ಯ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ 1 ಕೂಡಿಸಿದರೆ 21. 'ಮುಂದಿನ ಪುಟ' ಒತ್ತಿ 21ನೇ ಪುಟಕ್ಕೆ ಹಾರಿದ ಅನುಭವ ಆಗಿದ್ದರೆ ಕಾರಣ ಇದೇ. ಪೈಥಾನ್‌ನಲ್ಲಿ 'ಫಾಲ್ಸ್' ಅನ್ನೋ ಪಠ್ಯವನ್ನು ಬೂಲಿಯನ್ ಮಾಡಿದರೆ ನಿಜ ಅಂತ ಬರುತ್ತೆ, ಖಾಲಿ ಅಲ್ಲದ ಪಠ್ಯವೆಲ್ಲ ಅದಕ್ಕೆ ನಿಜವೇ.

ಒಂದೇ ಹೆಸರು ಎರಡು ಸಲ ಬಂದರೆ? ಅದು ತಪ್ಪೇನಲ್ಲ, ಮೂರು ಸ್ಪರ್ಧೆಗೆ ಟಿಕ್ ಹಾಕಿದರೆ ಹಾಗೇ ಬರುತ್ತೆ. ಆದರೆ ಯಾವುದನ್ನು ಹಿಡಿಯಬೇಕು ಅನ್ನೋದರಲ್ಲಿ ಒಂದೊಂದು ಫ್ರೇಮ್‌ವರ್ಕ್‌ಗೂ ಒಂದೊಂದು ಮತ. ಫ್ಲಾಸ್ಕ್ ಮೊದಲನೆಯದನ್ನು ಕೊಡುತ್ತೆ, ಜಾವಾ ಸರ್ವ್‌ಲೆಟ್ ಕೂಡ. ಜಾಂಗೋ ಕೊನೆಯದನ್ನು, ಪಿಎಚ್‌ಪಿಯೂ ಕೊನೆಯದನ್ನು. ಎಕ್ಸ್‌ಪ್ರೆಸ್ ಎರಡನ್ನೂ ಸೇರಿಸಿ ಅರೇ ಮಾಡಿ ಕೊಡುತ್ತೆ, ಪಠ್ಯ ಅಂತ ನಂಬಿದ ನಿಮ್ಮ ಕೋಡ್ ಅಲ್ಲಿ ಮುಗ್ಗರಿಸುತ್ತೆ. ಮುಂದೆ ಕಾವಲಿಗೆ ಒಂದು ಸರ್ವರ್, ಹಿಂದೆ ಕೆಲಸಕ್ಕೆ ಇನ್ನೊಂದು ಇದ್ದಾಗ, ಕಾವಲಿನದು ಮೊದಲ ಬೆಲೆಯನ್ನು ಪರೀಕ್ಷಿಸಿ, ಹಿಂದಿನದು ಕೊನೆಯ ಬೆಲೆಯನ್ನು ಬಳಸಿದರೆ ಪರೀಕ್ಷೆ ದಂಡ. 2009ರಲ್ಲಿ ಇಬ್ಬರು ಭದ್ರತಾ ಸಂಶೋಧಕರು ಇದನ್ನು 'ಎಚ್‌ಟಿಟಿಪಿ ಪ್ಯಾರಾಮೀಟರ್ ಪೊಲ್ಯೂಷನ್' ಅಂತ ಹೆಸರಿಟ್ಟು ತೋರಿಸಿದರು. ಹಲವು ಬೆಲೆ ಬರಬಹುದಾದ ಕಡೆ ಪಟ್ಟಿಯನ್ನೇ ಕೇಳಿ ಪಡೀರಿ, ಒಂದೇ ಬರಬೇಕಾದ ಕಡೆ ಎರಡು ಬಂದರೆ ವಾಪಸ್ ಕಳಿಸಿ.

ಕೇಳೋದು ಬೇರೆ, ಮಾಡೋದು ಬೇರೆ

ನಮ್ಮ ದೊಡ್ಡ ತಪ್ಪು ಇನ್ನೂ ಹೇಳಿಲ್ಲ. ನೋಂದಣಿಯನ್ನೇ ಗೆಟ್‌ನಲ್ಲಿ ಮಾಡಿದ್ದೆವು. ವಿಳಾಸ ತೆರೆದರೆ ಸಾಕು, ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರುತ್ತೆ. 'ನೋಂದಣಿ ಆಯಿತು' ಪುಟವನ್ನು ಖುಷಿಯಲ್ಲಿ ರಿಫ್ರೆಶ್ ಮಾಡಿದವರೆಲ್ಲ ಎರಡೆರಡು ಸಲ ಸೇರಿದರು. ಒಬ್ಬ ಗೆಳತಿ ಆ ವಿಳಾಸವನ್ನೇ ಕಾಪಿ ಮಾಡಿ "ನಾನು ಹೆಸರು ಕೊಟ್ಟೆ, ನೀವೂ ಕೊಡಿ" ಅಂತ ಗ್ರೂಪಿಗೆ ಹಾಕಿದಳು. ಲಿಂಕ್ ಪ್ರಿವ್ಯೂ ತೋರಿಸೋಕೆ ಆ್ಯಪ್ ತಾನೇ ಆ ವಿಳಾಸಕ್ಕೆ ಹೋಗಿ ಬರುತ್ತೆ, ಒಂದು ಸಾಲು. ಒತ್ತಿ ನೋಡಿದವರಿಂದ ಒಂದೊಂದು ಸಾಲು. ಎಲ್ಲವೂ ಅವಳದೇ ಹೆಸರಲ್ಲಿ!

ನಮಗೆ ನಗು ಬಂತು, ಆದರೆ ಇದು ಹೊಸ ಕಥೆಯಲ್ಲ. 2005ರ ಮೇ ತಿಂಗಳಲ್ಲಿ ಗೂಗಲ್ 'ವೆಬ್ ಆ್ಯಕ್ಸಿಲರೇಟರ್' ಅನ್ನೋ ತಂತ್ರಾಂಶ ಬಿಟ್ಟಿತು. ನೀವು ಒಂದು ಪುಟ ಓದುತ್ತಿರುವಾಗಲೇ ಅದರಲ್ಲಿರುವ ಲಿಂಕ್‌ಗಳನ್ನು ಮುಂಚೆಯೇ ತರಿಸಿಟ್ಟುಕೊಂಡು ವೇಗ ಹೆಚ್ಚಿಸೋದು ಅದರ ಕೆಲಸ. ಹಲವು ವೆಬ್ ಅಪ್ಲಿಕೇಶನ್‌ಗಳಲ್ಲಿ 'ಅಳಿಸು' ಅನ್ನೋದು ಬರೀ ಒಂದು ಲಿಂಕ್ ಆಗಿತ್ತು. ಆ್ಯಕ್ಸಿಲರೇಟರ್ ಆ ಲಿಂಕನ್ನೂ ನಿಷ್ಠೆಯಿಂದ ತರಿಸಿತು. 37 ಸಿಗ್ನಲ್ಸ್ ಕಂಪನಿಯ ಬ್ಯಾಕ್‌ಪ್ಯಾಕ್ ಬಳಸುತ್ತಿದ್ದವರು ತಮ್ಮ ಬರಹಗಳು ತಾವಾಗೇ ಅಳಿದುಹೋಗೋದನ್ನು ನೋಡಿ ಕಂಗಾಲಾದರು. ಗೆಟ್ ಅಂದರೆ ಕೇಳೋಕೆ ಮಾತ್ರ, ಎಷ್ಟು ಸಲ ಕೇಳಿದರೂ ಏನೂ ಬದಲಾಗಬಾರದು ಅಂತ ಎಚ್‌ಟಿಟಿಪಿ ಮಾನದಂಡ ಅದಕ್ಕೂ ಮೊದಲೇ ಹೇಳಿತ್ತು.

ಹುಡುಕಾಟ, ಸೋಸುವಿಕೆ, ಪುಟಸಂಖ್ಯೆ, ಭಾಷೆ, ಇವು ಕ್ವೆರಿಯಲ್ಲಿ ಇರಲಿ. ಇರಲೇಬೇಕು ಅಂತ ನಮ್ಮ ಅಭಿಪ್ರಾಯ, ಯಾಕಂದ್ರೆ ಗೆಳೆಯರಿಗೆ ಕಳಿಸಿದ ಲಿಂಕ್ ನಮಗೆ ಕಂಡದ್ದನ್ನೇ ಅವರಿಗೂ ತೋರಿಸುತ್ತೆ. ಸೇರಿಸೋದು, ಬದಲಿಸೋದು, ಅಳಿಸೋದು ಪೋಸ್ಟ್‌ನಲ್ಲಿ ಹೋಗಲಿ. ಪೋಸ್ಟ್ ಆದ ಮೇಲೆ ಸರ್ವರ್ ಉತ್ತರವನ್ನು ಅಲ್ಲೇ ತೋರಿಸದೆ 303 ಕೊಟ್ಟು ಇನ್ನೊಂದು ಗೆಟ್ ಪುಟಕ್ಕೆ ಕಳಿಸಿದರೆ ರಿಫ್ರೆಶ್ ತೊಂದರೆಯೂ ಮುಗೀತು.

ಪಕ್ಕದವರ ಯುಎಸ್‌ಎನ್

'ನನ್ನ ವಿವರ' ಪುಟದ ವಿಳಾಸದಲ್ಲಿ ನಾವು ಯುಎಸ್‌ಎನ್ ಇಟ್ಟಿದ್ದೆವು. ಅದರ ಕೊನೆಯ ಮೂರು ಅಂಕಿ ಬದಲಿಸಿದರೆ ಪಕ್ಕದ ಬೆಂಚಿನವರ ಯುಎಸ್‌ಎನ್ ಸಿದ್ಧ. ಅವರ ಫೋನ್ ನಂಬರ್, ಹಾಸ್ಟೆಲ್ ವಿವರ ಎಲ್ಲ ತೆರೆದುಕೊಳ್ಳುತ್ತಿತ್ತು. ಇದನ್ನು ತೋರಿಸಿಕೊಟ್ಟಿದ್ದು ಮೊದಲ ವರ್ಷದ ಒಬ್ಬ ವಿದ್ಯಾರ್ಥಿನಿ, ನಮಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಅವಳು ಒಳ್ಳೆಯವಳಾಗಿದ್ದು ನಮ್ಮ ಅದೃಷ್ಟ. ಮುನ್ನೂರು ಹುಡುಗಿಯರ ನಂಬರ್ ಇನ್ಯಾರಿಗೋ ಸಿಕ್ಕಿದ್ದರೆ ಅನ್ನೋದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಪಟ್ಟಿ ಕಲಸಿಹೋಗಿದ್ದು ನಗುವ ವಿಷಯ, ಇದು ಅಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ: 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಕಂಪನಿಯ ಜಾಲತಾಣದಲ್ಲಿ ದಾಖಲೆಯ ಲಿಂಕ್‌ನಲ್ಲಿದ್ದ ಸಂಖ್ಯೆ ಬದಲಿಸಿದರೆ ಬೇರೆಯವರ ಆಸ್ತಿ, ಬ್ಯಾಂಕ್ ದಾಖಲೆಗಳು ಲಾಗಿನ್ ಇಲ್ಲದೆಯೇ ಕಾಣುತ್ತಿದ್ದವು. ಹಾಗೆ ಬಯಲಲ್ಲಿದ್ದ ದಾಖಲೆಗಳು ಸುಮಾರು 88.5 ಕೋಟಿ.

ಸಂಖ್ಯೆಯನ್ನು ಊಹಿಸಲಾಗದ ಹಾಗೆ ಮಾಡಿದರೆ ಸಾಕು ಅಂತ ಕೆಲವರು ಹೇಳ್ತಾರೆ. ಸಾಕಾಗಲ್ಲ. ವಿಳಾಸದಲ್ಲಿ ಬಂದದ್ದು ಒಂದು ಕೋರಿಕೆ ಅಷ್ಟೇ, ಅನುಮತಿ ಅಲ್ಲ. ಲಾಗಿನ್ ಆಗಿರುವವರು ಯಾರು, ಈ ವಿವರ ಅವರದ್ದಾ ಅಂತ ಸರ್ವರ್ ಪ್ರತಿ ಸಲ ನೋಡಬೇಕು. ಜೊತೆಗೆ, ಗುಟ್ಟಾಗಿರಬೇಕಾದ್ದು ವಿಳಾಸದಲ್ಲಿ ಇರಲೇಬಾರದು. ಅಪಾಚೆ ಆಗಲಿ ಎನ್‌ಜಿನ್‌ಎಕ್ಸ್ ಆಗಲಿ ಸಾಮಾನ್ಯವಾಗಿ ಪೂರ್ತಿ ಕ್ವೆರಿಯನ್ನು ಲಾಗ್‌ನಲ್ಲಿ ಬರೆದಿಡುತ್ತವೆ. ಲ್ಯಾಬ್ ಕಂಪ್ಯೂಟರ್‌ನ ಬ್ರೌಸರ್ ಹಿಸ್ಟರಿಯಲ್ಲಿ ಅದು ಉಳಿಯುತ್ತೆ, ಮುಂದಿನ ಬ್ಯಾಚ್‌ನವರು ಅದೇ ಕುರ್ಚಿಯಲ್ಲಿ ಕೂರ್ತಾರೆ. ಎಚ್‌ಟಿಟಿಪಿಎಸ್ ಇದೆಯಲ್ಲ ಅಂದರೆ, ಅದು ದಾರಿಯಲ್ಲಿ ಮಾತ್ರ ಕಾಪಾಡುತ್ತೆ, ಎರಡೂ ತುದಿಯಲ್ಲಿ ಅಲ್ಲ.

ಎರಡು ಮಾತು ಬೇಗ ಹೇಳಿ ಮುಗಿಸ್ತೀವಿ. ಹುಡುಕಿದ ಪದವನ್ನು ಮತ್ತೆ ಪುಟದಲ್ಲಿ ತೋರಿಸುವಾಗ ಎಚ್‌ಟಿಎಂಎಲ್‌ಗೆ ತಕ್ಕಂತೆ ಎಸ್ಕೇಪ್ ಮಾಡಬೇಕು. ಯುಆರ್‌ಎಲ್ ಎನ್‌ಕೋಡಿಂಗ್ ಆ ಕೆಲಸಕ್ಕೆ ಬರಲ್ಲ, ಅದು ಬೇರೆ ಜಗುಲಿಯ ಬೇರೆ ನಿಯಮ. ಮರೆತರೆ ಯಾರೋ ಕಳಿಸಿದ ಲಿಂಕ್‌ನಲ್ಲಿದ್ದ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುತ್ತೆ. ಇನ್ನೊಂದು, ಲಾಗಿನ್ ಆದ ಮೇಲೆ ಎಲ್ಲಿಗೆ ಹೋಗಬೇಕು ಅಂತ '/ಲಾಗಿನ್?ಮುಂದೆ=/ಪಟ್ಟಿ?ವಿಭಾಗ=ಸಿವಿಲ್&ಪುಟ=2' ಅಂತ ಕೊಡ್ತೀವಲ್ಲ, ಅದರಲ್ಲಿ ಪುಟ=2 ಪಟ್ಟಿಗಲ್ಲ, ಲಾಗಿನ್‌ಗೆ ಸೇರಿಬಿಡುತ್ತೆ. ಒಳಗಿನ ವಿಳಾಸ ಇಡಿಯಾಗಿ ಒಂದು ಬೆಲೆ, ಇಡಿಯಾಗಿ ಎನ್‌ಕೋಡ್ ಆಗಬೇಕು. ಆ 'ಮುಂದೆ' ಅನ್ನೋದರಲ್ಲಿ ನಮ್ಮದೇ ತಾಣದ ದಾರಿ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ನಮ್ಮ ಲಿಂಕ್ ಬಳಸಿ ಜನರನ್ನು ಇನ್ನೆಲ್ಲಿಗೋ ಕರಕೊಂಡು ಹೋಗಬಹುದು.

ಈಗ ನಮ್ಮಲ್ಲಿ ಯಾವ ಫಾರ್ಮ್ ಮಾಡಿದರೂ ಲಿಂಕ್ ಹಂಚುವ ಮೊದಲು ಪ್ರತಿ ಪೆಟ್ಟಿಗೆಗೂ ಈ ಒಂದು ಸಾಲನ್ನು ಹಾಕಿ ಕಳಿಸ್ತೀವಿ:

ಇ&ಸಿ + ಸಿ++ = 100% #1 ಸಾಫ್ಟ್‌ವೇರ್?

ಆ ಕಡೆ ಡೇಟಾಬೇಸ್‌ನಲ್ಲಿ ಇದು ಒಂದಕ್ಷರವೂ ಬದಲಾಗದೆ ಬಿದ್ದಿರಬೇಕು, ತಿದ್ದುಪಡಿ ಪುಟ ತೆರೆದಾಗ ಪೆಟ್ಟಿಗೆಯಲ್ಲೂ ಹೀಗೇ ಕಾಣಬೇಕು. 'ಇ' ಅಂತ ಮಾತ್ರ ಬಂದರೆ ಬೆಲೆ ಎನ್‌ಕೋಡ್ ಆಗಿಲ್ಲ. + ಮಾಯವಾಗಿದ್ದರೆ ಎಲ್ಲೋ ಕೈಯಲ್ಲಿ ಅಂಟಿಸಿದ್ದೀರಿ. 100ರ ಮುಂದೆ 25 ಕಂಡರೆ ಎರಡು ಸಲ ಎನ್‌ಕೋಡ್ ಆಗಿದೆ. #ನಿಂದಾಚೆ ಕತ್ತರಿಸಿದ್ದರೆ ಅದು ಸರ್ವರ್‌ಗೆ ಹೊರಟೇ ಇಲ್ಲ. ಆಮೇಲೆ ಟೆಸ್ಟ್ ಮಾಡೋಕೆ ನಿಮ್ಮ ವಿಭಾಗದವರಲ್ಲದ ಒಬ್ಬರನ್ನು ಕರೀರಿ, ನಾವು ಈಗ ಇ&ಸಿ ಗೆಳೆಯರನ್ನೇ ಕರೀತೀವಿ.